ಮೊದಲು ತಗಡು, ಆಮೇಲೆ ಎಂಜಿನ್: ಹಳೆಯ ಚಿಕ್ಕ ಕಾರನ್ನು ಮನೆಯಲ್ಲೇ ಸರಿಮಾಡುವುದು ಹೇಗೆ

ಹಳೆಯ ಕಾರು ನೋಡಲು ಹೋದವರು ಮೊದಲು ಬೋನೆಟ್ ಎತ್ತುತ್ತಾರೆ. ಎಂಜಿನ್ ಓಡುತ್ತಾ, ಹೊಗೆ ಎಷ್ಟು ಬರುತ್ತೆ, ಶಬ್ದ ಹೇಗಿದೆ ಅಂತ ಕೇಳುತ್ತಾರೆ. ಕೀಲಿ ತಿರುಗಿಸಿದ ತಕ್ಷಣ ಸ್ಟಾರ್ಟ್ ಆಗಿಬಿಟ್ಟರೆ ಮುಗೀತು, ವ್ಯಾಪಾರ ಕುದುರಿದ ಹಾಗೇ. ನನ್ನ ಸಲಹೆ ಬೇರೆ. ಬೋನೆಟ್ ಆಮೇಲೆ ಎತ್ತಿ. ಮೊದಲು ಒಂದು ಹಳೇ ಚಾಪೆ ಹಾಸಿಕೊಂಡು ನೆಲದ ಮೇಲೆ ಮಲಗಿ, ಟಾರ್ಚ್ ಹಿಡಿದು ಕಾರಿನ ತಳ ನೋಡಿ.

ಚಿಕ್ಕ ಕಾರಿನ ಎಂಜಿನ್ ಕೆಟ್ಟಿದ್ದರೆ ಅದು ಅಷ್ಟೇನೂ ದೊಡ್ಡ ವಿಷಯವಲ್ಲ. 1957ರಲ್ಲಿ ಬಂದ ಫಿಯಟ್ 500ರ ಎಂಜಿನ್‌ಗೆ ಎರಡೇ ಸಿಲಿಂಡರ್, 479 ಸಿಸಿ, ಗಾಳಿಯಿಂದಲೇ ತಣ್ಣಗಾಗುತ್ತದೆ. ಅದಕ್ಕೆ ರೇಡಿಯೇಟರ್ ಇಲ್ಲ, ನೀರಿನ ಪಂಪ್ ಇಲ್ಲ. 1959ರಲ್ಲಿ ಬಂದ ಬ್ರಿಟಿಷ್ ಚಿಕ್ಕ ಕಾರು ಮಿನಿಯದು 848 ಸಿಸಿ. ಇಂಥ ಎಂಜಿನ್‌ಗಳನ್ನು ಕೆಳಗಿಳಿಸಿ ಬೆಂಚಿನ ಮೇಲಿಟ್ಟುಕೊಂಡು ಸರಿಮಾಡಬಹುದು. ಅದೂ ಆಗದಿದ್ದರೆ ಇನ್ನೊಂದು ಎಂಜಿನ್ ಹುಡುಕಬಹುದು. ತಳ ಕೊಳೆತಿದ್ದರೆ ಮಾತ್ರ ಕಥೆಯೇ ಬೇರೆ.

ಏಕೆ ಅಂದರೆ, ಈ ಕಾರುಗಳಲ್ಲಿ ಹೆಚ್ಚಿನವಕ್ಕೆ ಲಾರಿಗೆ ಇರುವಂಥ ಚಾಸಿ, ಅಂದರೆ ಭಾರ ಹೊರುವ ಪ್ರತ್ಯೇಕ ಕಬ್ಬಿಣದ ಚೌಕಟ್ಟು, ಇಲ್ಲ. ನೆಲ, ಬಾಗಿಲ ಕೆಳಗಿನ ಸಿಲ್, ಕಂಬಗಳು, ಛಾವಣಿ ಎಲ್ಲವೂ ತೆಳ್ಳನೆಯ ತಗಡು. ಅವನ್ನೆಲ್ಲ ಸ್ಪಾಟ್ ವೆಲ್ಡಿಂಗ್‌ನಿಂದ ಸೇರಿಸಿದಾಗ ಅದೇ ಒಂದು ಗಟ್ಟಿ ಪೆಟ್ಟಿಗೆಯಾಗುತ್ತದೆ. ಭಾರ ಹೊರುವುದೂ ಅದೇ ಪೆಟ್ಟಿಗೆ. ಬೆಂಕಿಪೊಟ್ಟಣ ನೆನಪಿಸಿಕೊಳ್ಳಿ. ಒಳಗಿನ ಟ್ರೇ ಇದ್ದಾಗ ಅದನ್ನು ತಿರುಚಲು ಕಷ್ಟ. ಟ್ರೇ ಎಳೆದು ತೆಗೆದರೆ ಹೊರಗಿನ ಕವಚ ಎರಡು ಬೆರಳಿಗೇ ಓರೆಯಾಗುತ್ತದೆ. ಸಿಲ್ ಮತ್ತು ನೆಲ ತುಕ್ಕು ಹಿಡಿದ ಕಾರಿಗೆ ಆಗುವುದೂ ಇದೇ. ಹೊರಗಿನ ಬಣ್ಣ ಫಳಫಳ ಅಂತಿರುತ್ತದೆ, ಆದರೆ ಜಾಕ್ ಹಚ್ಚಿ ಒಂದು ಮೂಲೆ ಎತ್ತಿದರೆ ಬಾಗಿಲು ಮುಚ್ಚುವುದಿಲ್ಲ.

ಎಲ್ಲ ಕಾರುಗಳೂ ಹೀಗಿಲ್ಲ. ಸಿಟ್ರೊಯೆನ್ 2ಸಿವಿಗೆ ಬೇರೆಯೇ ಚಾಸಿ ಇದೆ, ಬಾಡಿಯನ್ನು ಬೋಲ್ಟ್ ಬಿಚ್ಚಿ ಎತ್ತಿಡಬಹುದು. ಫೋಕ್ಸ್‌ವ್ಯಾಗನ್ ಬೀಟಲ್‌ನಲ್ಲಿ ನೆಲದ ಪ್ಯಾನ್ ಒಂದು ಭಾಗ, ಬಾಡಿ ಇನ್ನೊಂದು ಭಾಗ. ಎರಡನ್ನೂ ಬೋಲ್ಟ್‌ಗಳು ಹಿಡಿದಿರುತ್ತವೆ. ಹಾಗಂತ ಬೀಟಲ್ ಪೂರ್ತಿ ಸುರಕ್ಷಿತ ಅಂದುಕೊಳ್ಳಬೇಡಿ. ಅದರ ಬ್ಯಾಟರಿ ಹಿಂದಿನ ಸೀಟಿನ ಕೆಳಗೆ ಕೂರುತ್ತದೆ, ಆಸಿಡ್ ಚೆಲ್ಲಿ ಅಲ್ಲಿನ ನೆಲ ತೂತಾಗುವುದು ಮಾಮೂಲಿ. ಒಳಗೆ ಬಿಸಿಗಾಳಿ ಒಯ್ಯುವ ಅಕ್ಕಪಕ್ಕದ ಚಾನೆಲ್‌ಗಳೇ ಅದರ ಸಿಲ್ ಕೂಡ. ಅವು ಒಳಗಿನಿಂದಲೇ ಕೊಳೆಯುತ್ತವೆ.

ಬಿಚ್ಚುವ ಆಸೆಗೆ ಸ್ವಲ್ಪ ಕಡಿವಾಣ

ಕಾರು ಮನೆಗೆ ಬಂದ ವಾರವೇ ಎಲ್ಲವನ್ನೂ ಬಿಚ್ಚಿ ಹರಡಬೇಕು ಅನ್ನಿಸುತ್ತದೆ. ಬಿಚ್ಚುವುದು ಸುಲಭ, ಖುಷಿಯೂ ಹೌದು. ಅರ್ಧಕ್ಕೆ ನಿಂತ ಕಾರುಗಳ ಕಥೆ ಸಾಮಾನ್ಯವಾಗಿ ಶುರುವಾಗುವುದು ಇಲ್ಲಿಂದಲೇ. ಬಾಡಿ ಒಂದು ಕಡೆ, ಬಿಡಿಭಾಗಗಳು ಹತ್ತು ಡಬ್ಬಿಯಲ್ಲಿ, ಯಾವ ಬೋಲ್ಟ್ ಎಲ್ಲಿಯದು ಅಂತ ಯಾರಿಗೂ ಗೊತ್ತಿಲ್ಲ. ಒಂದು ಭಾಗ ಬಿಚ್ಚಿ, ಸರಿಮಾಡಿ, ಜೋಡಿಸಿ, ಆಮೇಲೆ ಮುಂದಿನದಕ್ಕೆ ಹೋಗುವುದು ಮನೆಯಲ್ಲಿ ಕೆಲಸ ಮಾಡುವವರಿಗೆ ಜಾಸ್ತಿ ಸೂಕ್ತ. ತಳ ತೀರಾ ಹಾಳಾಗಿದ್ದರೆ ಮಾತ್ರ ಪೂರ್ತಿ ಬಿಚ್ಚುವುದು ಅನಿವಾರ್ಯ.

ಬಿಚ್ಚುವಾಗ ಫೋಟೊ ತೆಗೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಹೇಗೆ ತೆಗೆಯಬೇಕು ಅನ್ನುವುದು ಮುಖ್ಯ. ಹತ್ತಿರದಿಂದ ತೆಗೆದ ಫೋಟೊ ಒಂದೇ ಸಾಲದು, ಆ ಭಾಗ ಕಾರಿನ ಯಾವ ಕಡೆ ಇದೆ ಅಂತ ತೋರಿಸುವ ದೂರದ ಫೋಟೊ ಕೂಡ ಬೇಕು. ಒಂದು ಭಾಗದ ನಟ್ಟು, ಬೋಲ್ಟು, ವಾಷರ್ ಎಲ್ಲ ಒಂದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಬರೆದು ಒಳಗೆ ಇಡಿ. ಚೀಲದ ಹೊರಗೆ ಪೆನ್ನಿನಲ್ಲಿ ಬರೆದದ್ದು ಎಣ್ಣೆ ಕೈ ತಗುಲಿದರೆ ಅಳಿಸಿಹೋಗುತ್ತದೆ. ತುಕ್ಕು ಹಿಡಿದ ಹಳೆಯ ಭಾಗವನ್ನು ಹೊಸದು ಬಂದು ಕೂತು, ಸರಿಹೊಂದುವವರೆಗೆ ಎಸೆಯಬೇಡಿ. ಅಳತೆಗೆ ಅದೇ ಆಧಾರ.

ಸ್ಪ್ಯಾನರ್ ವಿಷಯವೂ ಇಲ್ಲೇ ಹೇಳಬೇಕು. ಮಿನಿ, ಮಾರಿಸ್ ಮೈನರ್‌ನಂಥ ಬ್ರಿಟಿಷ್ ಕಾರುಗಳ ಬೋಲ್ಟ್‌ಗಳು ಇಂಚಿನ ಅಳತೆಯವು. ಫಿಯಟ್, ಬೀಟಲ್‌ಗಳದ್ದು ಮಿಲಿಮೀಟರ್. ಅರ್ಧ ಇಂಚು ಅಂದರೆ 12.7 ಮಿ.ಮೀ. ಅದಕ್ಕೆ 13ರ ಸ್ಪ್ಯಾನರ್ ಕೂಡ ಕೂರುತ್ತದೆ, ಸ್ವಲ್ಪ ಸಡಿಲ ಅಷ್ಟೇ. ಐವತ್ತು ವರ್ಷ ತುಕ್ಕು ಹಿಡಿದು ಕೂತ ನಟ್ಟಿಗೆ ಆ ಸಡಿಲವೇ ಸಾಕು, ಮೂಲೆಗಳು ಸವೆದು ನಟ್ಟು ದುಂಡಗಾಗುತ್ತದೆ. ಸರಿಯಾದ ಅಳತೆಯ ಆರು ಮೂಲೆಯ ಸಾಕೆಟ್ ಹಾಕಿ. ಹಿಂದಿನ ದಿನವೇ ಪೆನಿಟ್ರೇಟಿಂಗ್ ಎಣ್ಣೆ ಬಿಡಿ. ತಿರುಗಿಸುವಾಗ ಕಾಲು ಸುತ್ತು ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿ ಮಾಡಿ, ಮತ್ತೆ ಸಡಿಲಿಸಿ. ಹಟ ಮಾಡಿದರೆ ಮುರಿಯುವುದು ಬೋಲ್ಟೇ.

ಇನ್ನೊಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಜಾಕ್ ಇರುವುದು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್‌ಗಳನ್ನು ಕೊಟ್ಟು, ಕಾರನ್ನು ಒಮ್ಮೆ ಜೋರಾಗಿ ಅಲ್ಲಾಡಿಸಿ ನೋಡಿದ ಮೇಲೆಯೇ ಕೆಳಗೆ ತೂರಬೇಕು. ತುಕ್ಕು ಹಿಡಿದ ಜಾಗಕ್ಕೆ ಸ್ಟ್ಯಾಂಡ್ ಕೊಟ್ಟರೆ ಅದು ತಗಡನ್ನೇ ತೂರಿಕೊಂಡು ಮೇಲೆ ಬರುತ್ತದೆ. ಮೊದಲು ತಳ ಪರೀಕ್ಷಿಸಿ ಅಂದದ್ದು ಇದಕ್ಕೂ ಸೇರಿಯೇ.

ತುಕ್ಕು ಎಲ್ಲಿ ಅಡಗಿರುತ್ತದೆ

ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ. ಈ ಮೂರು ಸೇರಿದರೆ ತುಕ್ಕು. ಉಪ್ಪು ಇದ್ದರೆ ಕೆಲಸ ಇನ್ನೂ ವೇಗ. ಕಣ್ಣಿಗೆ ಕಾಣುವ ಮೇಲ್ಮೈ ತುಕ್ಕಿಗೆ ನಾನು ಹೆದರುವುದಿಲ್ಲ, ಉಜ್ಜಿದರೆ ಹೋಗುತ್ತದೆ. ಭಯ ಇರುವುದು ಎರಡು ತಗಡು ಸೇರುವ ಸಂದಿಯಲ್ಲಿ ಮತ್ತು ಮುಚ್ಚಿದ ಪೆಟ್ಟಿಗೆಯಂಥ ಭಾಗಗಳ ಒಳಗೆ. ಅಲ್ಲಿಗೆ ನೀರು ಹೋಗುತ್ತದೆ, ಹೊರಗೆ ಬರುವುದಿಲ್ಲ. ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಸ್ತಿ. ಹಾಗಾಗಿ ಸಂದಿಯಲ್ಲಿ ಬೆಳೆದ ತುಕ್ಕು ಎರಡೂ ತಗಡುಗಳನ್ನು ದೂರ ತಳ್ಳುತ್ತದೆ. ಸಂದಿಯ ಉದ್ದಕ್ಕೂ ಬಣ್ಣ ಉಬ್ಬಿದ್ದರೆ ಒಳಗೆ ಇದೇ ನಡೆಯುತ್ತಿದೆ ಅಂತ ಅರ್ಥ.

ಸಿಲ್‌ಗಳ ಕೆಳಗೆ ನೀರು ಹೋಗಲು ಚಿಕ್ಕ ತೂತುಗಳಿರುತ್ತವೆ. ಮಣ್ಣು ಕಟ್ಟಿಕೊಂಡು ಅವು ಮುಚ್ಚಿಹೋಗುತ್ತವೆ. ಹೊಸ ಕಾರಿಗೂ ಈ ಕಾಟ ತಪ್ಪಿದ್ದಲ್ಲ: ಮೊದಮೊದಲು ಬಂದ ಮಿನಿಗಳಲ್ಲಿ ನೆಲದ ತಗಡಿನ ಮಡಿಕೆ ತಪ್ಪು ದಿಕ್ಕಿಗೆ ಇತ್ತು, ಚಕ್ರ ಎರಚಿದ ನೀರು ಸೀದಾ ಒಳಗೆ ಬರುತ್ತಿತ್ತು. ಮಿನಿಯ ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಚಕ್ರಗಳನ್ನು ಹಿಡಿದಿರುವ ಚೌಕಟ್ಟು, ಕೂಡ ತುಕ್ಕಿಗೆ ಹೆಸರುವಾಸಿ.

ಪರೀಕ್ಷೆ ಹೀಗೆ. ಮೊಂಡು ಸ್ಕ್ರೂಡ್ರೈವರ್ ತೆಗೆದುಕೊಂಡು ಅದರ ಹಿಡಿಯಿಂದ ಸಿಲ್ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಒಳ್ಳೆಯ ತಗಡು ಟಣ್ ಅನ್ನುತ್ತದೆ. ಪುಟ್ಟಿ ತುಂಬಿದ ಜಾಗ, ಕೊಳೆತ ಜಾಗ ದಪ್ ಅಂತ ಮಂಕಾಗಿ ಕೇಳಿಸುತ್ತದೆ. ಅನುಮಾನ ಬಂದ ಕಡೆ ತುದಿಯಿಂದ ಒತ್ತಿ ನೋಡಿ. ಬಣ್ಣದ ಪದರ ಮಾತ್ರ ಹಿಡಿದಿದ್ದರೆ ಸ್ಕ್ರೂಡ್ರೈವರ್ ಒಳಗೆ ಹೋಗುತ್ತದೆ. ಒಂದು ಅಯಸ್ಕಾಂತವೂ ಜೇಬಿನಲ್ಲಿರಲಿ. ಪುಟ್ಟಿ ದಪ್ಪ ಇರುವ ಕಡೆ ಅದು ಹಿಡಿಯುವುದಿಲ್ಲ. ಕಾರ್ಪೆಟ್ ಎತ್ತಿ ನೆಲ ನೋಡಿ, ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಕೆಳಗೆ ನೋಡಿ, ಸಸ್ಪೆನ್ಷನ್ ಬಾಡಿಗೆ ಸೇರುವ ಜಾಗ ನೋಡಿ. ಮಾರುವವರು ಬೇಡ ಅಂದರೆ ಅದೇ ಒಂದು ಉತ್ತರ, ಅಲ್ವಾ?

ಕೊಳೆತ ತಗಡಿನ ಮೇಲೆ ಹೊಸ ತಗಡು ಹಚ್ಚಿ ಮುಚ್ಚುವುದು ರಿಪೇರಿ ಅಲ್ಲ. ಒಳಗಿನ ತುಕ್ಕು ಹಾಗೇ ಇರುತ್ತದೆ, ಮಧ್ಯೆ ನೀರು ನಿಲ್ಲಲು ಇನ್ನೊಂದು ಸಂದಿ ಬೇರೆ ಸಿಗುತ್ತದೆ. ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ತೆಗೆದು, ಅದೇ ಆಕಾರದ ತುಂಡನ್ನು ಅಂಚಿಗೆ ಅಂಚು ಕೂಡಿಸಿ ಬೆಸೆಯಬೇಕು.

ಕತ್ತರಿಸುವ ಮೊದಲು ಒಂದು ಕೆಲಸ ಇದೆ. ಸಿಲ್ ತೆಗೆದ ಕ್ಷಣದಿಂದ ಕಾರು ಮಧ್ಯದಲ್ಲಿ ಕುಸಿಯಲು ನೋಡುತ್ತದೆ. ಆದ್ದರಿಂದ ಕಾರನ್ನು ಮಟ್ಟಸವಾಗಿ ನಿಲ್ಲಿಸಿ, ಬಾಗಿಲಿನ ಜಾಗದಲ್ಲಿ ಮುಂದಿನ ಕಂಬದಿಂದ ಹಿಂದಿನ ಕಂಬಕ್ಕೆ ಕಬ್ಬಿಣದ ಚೌಕ ಪೈಪನ್ನು ಅಡ್ಡಲಾಗಿ ಬೆಸೆಯಬೇಕು. ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಗೋಡೆಯ ಮೇಲೆ ಬರೆದಿಡಿ. ಒಂದು ಬದಿ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿ ಮುಟ್ಟಬೇಡಿ. ಹೊಸ ಸಿಲ್ಲನ್ನು ಕ್ಲ್ಯಾಂಪ್‌ನಲ್ಲಿ ಹಿಡಿದಿಟ್ಟು, ಪೈಪು ಅಡ್ಡ ಬರುವ ಕಡೆ ಬಿಡಿಸಿಕೊಂಡು, ಬಾಗಿಲು ತೂಗುಹಾಕಿ ಮುಚ್ಚಿ ನೋಡಿ. ಸುತ್ತಲಿನ ಸಂದು ಸಮವಾಗಿದ್ದರೆ ಮಾತ್ರ ಬೆಸುಗೆ. ಬೆಸೆದಾದ ಮೇಲೆ ಬಾಗಿಲು ಕೂರಲಿಲ್ಲ ಅಂದರೆ ಮಾಡಿದ್ದನ್ನೆಲ್ಲ ಮತ್ತೆ ಕತ್ತರಿಸುವುದೇ ದಾರಿ.

ಈ ಕಾರುಗಳ ತಗಡು ಹೆಚ್ಚಿನ ಕಡೆ ಒಂದು ಮಿಲಿಮೀಟರ್ ಆಸುಪಾಸು, ಎಷ್ಟೋ ಕಡೆ ಅದಕ್ಕೂ ಕಡಿಮೆ. ಇದಕ್ಕೆ ತಂತಿ ತಾನಾಗೇ ಮುಂದೆ ಬರುವ ಮಿಗ್ ವೆಲ್ಡಿಂಗ್ ಸರಿ, 0.6 ಮಿ.ಮೀ. ತಂತಿ, ಆರ್ಗಾನ್ ಜೊತೆ ಸ್ವಲ್ಪ ಕಾರ್ಬನ್ ಡೈಆಕ್ಸೈಡ್ ಬೆರೆತ ಗ್ಯಾಸ್. ಉದ್ದಕ್ಕೆ ಗೆರೆ ಎಳೆದ ಹಾಗೆ ಬೆಸೆಯಲು ಹೋದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ, ಇಲ್ಲವೇ ತೂತು ಬೀಳುತ್ತದೆ. ಒಂದು ಚುಕ್ಕೆ ಇಲ್ಲಿ, ಮುಂದಿನ ಚುಕ್ಕೆ ದೂರದ ತುದಿಯಲ್ಲಿ, ಮೂರನೆಯದು ನಡುವೆ. ಪ್ರತಿ ಚುಕ್ಕೆಯ ಪಕ್ಕ ಕೈ ಇಟ್ಟರೆ ಸುಡದಷ್ಟು ತಣ್ಣಗಾದ ಮೇಲೆ ಮುಂದಿನದು. ಹೀಗೆ ಚುಕ್ಕೆಗಳ ನಡುವಿನ ಜಾಗ ತುಂಬುತ್ತಾ ಹೋದರೆ ಕೊನೆಗೆ ಪೂರ್ತಿ ಗೆರೆ ಆಗುತ್ತದೆ. ನಿಧಾನ, ಬೇಜಾರು ಹಿಡಿಸುವ ಕೆಲಸ. ಅದಕ್ಕೆ ಅಡ್ಡದಾರಿ ಇಲ್ಲ. ಕಾರ್ಖಾನೆಯ ಸ್ಪಾಟ್ ವೆಲ್ಡ್ ಇದ್ದ ಕಡೆ ಮೇಲಿನ ತಗಡಿನಲ್ಲಿ ಆರು ಮಿಲಿಮೀಟರಿನ ತೂತು ಕೊರೆದು, ಆ ತೂತನ್ನು ಬೆಸುಗೆಯಿಂದ ತುಂಬಿದರೆ ಹೆಚ್ಚುಕಡಿಮೆ ಅದೇ ಬಲ ಬರುತ್ತದೆ.

ವೆಲ್ಡಿಂಗ್ ಗೊತ್ತಿಲ್ಲದವರು ಹೆದರಬೇಕಿಲ್ಲ. ಅದೇ ದಪ್ಪದ ಚೂರು ತಗಡಿನ ಮೇಲೆ ಅಭ್ಯಾಸ ಮಾಡಿ, ಬೆಸೆದ ತುಂಡನ್ನು ವೈಸ್‌ನಲ್ಲಿ ಸಿಕ್ಕಿಸಿ ಸುತ್ತಿಗೆಯಿಂದ ಬಗ್ಗಿಸಿ ನೋಡಿ. ಬೆಸುಗೆ ಬಿಡದೆ ಪಕ್ಕದ ತಗಡು ಹರಿದರೆ ಕೈ ಕೂತಿದೆ ಅಂತ. ಅಷ್ಟು ಧೈರ್ಯ ಬರದಿದ್ದರೆ ಸಿಲ್, ಸಸ್ಪೆನ್ಷನ್ ಜಾಗಗಳನ್ನು ತಿಳಿದವರಿಂದ ಮಾಡಿಸಿ. ಮಿಕ್ಕಿದ್ದು ನಿಮಗೇ ಬೇಕಾದಷ್ಟಿದೆ. ಬೆಸೆಯುವಾಗ ಬ್ಯಾಟರಿ ಕಳಚಿರಲಿ, ಕಾರ್ಪೆಟ್ ಮತ್ತು ಪೆಟ್ರೋಲ್ ಟ್ಯಾಂಕ್ ಹೊರಗಿರಲಿ, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವಲ್ಲಿ ಇರಲಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಆವಿ ಗಾಳಿಯ ಜೊತೆ ಬೆರೆತಿರುತ್ತದೆ, ಕಿಡಿ ತಗುಲಿದರೆ ಸಿಡಿಯುತ್ತದೆ. ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ.

ತೂತಾಗದೆ ಉಳಿದ ತಗಡಿನ ತುಕ್ಕನ್ನು ತಂತಿ ಬ್ರಷ್, ಸ್ಯಾಂಡಿಂಗ್ ಡಿಸ್ಕ್‌ಗಳಿಂದ ತೆಗೆಯಬಹುದು. ಉಜ್ಜಿದರೂ ಸಣ್ಣ ಗುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಸಿಡ್ ಇರುವ ದ್ರಾವಣ ಹಚ್ಚುತ್ತಾರೆ. ಅದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿ ಬದಲಾಯಿಸುತ್ತದೆ, ಮೇಲೆ ಪ್ರೈಮರ್ ಹಿಡಿಯುತ್ತದೆ. ಸಣ್ಣ ಬ್ರಾಕೆಟ್, ಹಿಂಜ್‌ಗಳಿಗೆ ಇನ್ನೂ ಒಳ್ಳೆಯ ಉಪಾಯ ಇದೆ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು, ಒಂದಿಷ್ಟು ವಾಷಿಂಗ್ ಸೋಡಾ, ಬ್ಯಾಟರಿ ಚಾರ್ಜರ್. ಚಾರ್ಜರ್‌ನ ನೆಗೆಟಿವ್ ತುದಿ ತುಕ್ಕಿನ ಭಾಗಕ್ಕೆ, ಪಾಸಿಟಿವ್ ತುದಿ ಬೇಡವಾದ ಕಬ್ಬಿಣದ ತುಂಡಿಗೆ. ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು ಕಪ್ಪು ಕೆಸರಾಗಿ ಕೈಯಲ್ಲೇ ಉದುರುತ್ತದೆ, ಒಳ್ಳೆಯ ಲೋಹಕ್ಕೆ ಏನೂ ಆಗುವುದಿಲ್ಲ. ಇದರಲ್ಲಿ ಹೈಡ್ರೋಜನ್ ಗ್ಯಾಸ್ ಹುಟ್ಟುತ್ತದೆ, ಹಾಗಾಗಿ ಗಾಳಿ ಆಡುವ ಕಡೆ, ಬೆಂಕಿಯಿಂದ ದೂರ ಇಡಿ. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಲೇಬೇಡಿ, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬರುತ್ತದೆ.

ಕೊನೆಯಲ್ಲಿ ಸಂದಿಗಳಿಗೆ ಸೀಲರ್, ಬಣ್ಣವೆಲ್ಲ ಮುಗಿದ ಮೇಲೆ ಸಿಲ್ ಮತ್ತು ಪೆಟ್ಟಿಗೆ ಭಾಗಗಳ ಒಳಗೆ ತೆಳುವಾದ ಮೇಣ. ಉದ್ದ ಕೊಳವೆಯಿಂದ ಸಿಂಪಡಿಸಿದರೆ ಮೂಲೆ ಮೂಲೆಗೂ ಹರಿಯುತ್ತದೆ. ಯಾರಿಗೂ ಕಾಣದ ಈ ಕೆಲಸವನ್ನೇ ಜನ ಬಿಟ್ಟುಬಿಡುತ್ತಾರೆ. ಬಾಡಿಯ ಆಯಸ್ಸು ಮಾತ್ರ ಇದರ ಮೇಲೆಯೇ ನಿಂತಿದೆ. ಮೇಣ ಹಾಕುವ ಭರದಲ್ಲಿ ಕೆಳಗಿನ ತೂತುಗಳನ್ನು ಮುಚ್ಚಿಬಿಡಬೇಡಿ.

ಓಡುವ ಮೊದಲು ನಿಲ್ಲಬೇಕು

ತಗಡಿನ ನಂತರ ನನ್ನ ಲೆಕ್ಕದಲ್ಲಿ ಬ್ರೇಕ್. ಹಳೆಯ ಚಿಕ್ಕ ಕಾರುಗಳಲ್ಲಿ ಹೆಚ್ಚಾಗಿ ನಾಲ್ಕೂ ಚಕ್ರಕ್ಕೆ ಡ್ರಮ್, ಎಲ್ಲಕ್ಕೂ ಸೇರಿ ಬ್ರೇಕ್ ಎಣ್ಣೆಯ ಒಂದೇ ಸರ್ಕ್ಯೂಟ್. ಎಲ್ಲೋ ಒಂದು ಕಡೆ ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕ್ ಹೋಯಿತು. ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಹಾಗಾಗಿ ಇಲ್ಲಿ ಇನ್ನೂ ಸ್ವಲ್ಪ ದಿನ ನಡೆಯುತ್ತೆ ಅನ್ನುವ ಮಾತು ಬೇಡ. ರಬ್ಬರ್ ಹೋಸ್, ಸಿಲಿಂಡರ್ ಸೀಲ್, ತುಕ್ಕು ಹಿಡಿದ ಪೈಪು ಎಲ್ಲವನ್ನೂ ಬದಲಾಯಿಸಿ.

ರಬ್ಬರ್ ಹೋಸ್‌ಗಳದ್ದೇ ಒಂದು ತಮಾಷೆ. ಹೊರಗಿನಿಂದ ಚೆನ್ನಾಗೇ ಕಾಣುತ್ತವೆ. ಒಳಗೆ ರಬ್ಬರ್ ಉಬ್ಬಿ ದಾರಿ ಕಿರಿದಾಗಿರುತ್ತದೆ. ಪೆಡಲ್ ತುಳಿದಾಗ ಒತ್ತಡಕ್ಕೆ ಎಣ್ಣೆ ಆ ಕಡೆ ಹೋಗುತ್ತದೆ, ಪೆಡಲ್ ಬಿಟ್ಟಾಗ ವಾಪಸ್ ಬರುವುದಿಲ್ಲ. ಬ್ರೇಕ್ ಹಿಡಿದೇ ಇರುತ್ತದೆ, ಡ್ರಮ್ ಕಾಯುತ್ತದೆ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಡ್ರಮ್ ಬಿಚ್ಚಿ ಬಿಚ್ಚಿ ನೋಡಿದರೂ ಕಾರಣ ಸಿಗುವುದಿಲ್ಲ.

ಸಾಮಾನ್ಯ ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಎಣ್ಣೆಗೆ ಆ ಮಿತಿ 155 ಡಿಗ್ರಿ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಎಣ್ಣೆ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಡಾಟ್ 5 ಅನ್ನುವುದು ಸಿಲಿಕೋನ್ ಎಣ್ಣೆ, ಅದನ್ನು ಇದರ ಜೊತೆ ಬೆರೆಸಬಾರದು. ಇನ್ನೊಂದು ಮಾತು, ಬ್ರೇಕ್ ಎಣ್ಣೆ ಬಣ್ಣವನ್ನು ತಿನ್ನುತ್ತದೆ. ಚೆಲ್ಲಿದರೆ ಒರೆಸಿ ಬಿಡುವುದಲ್ಲ, ನೀರು ಹಾಕಿ ತೊಳೆಯಿರಿ.

ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಂದ ಊದುವುದು, ಏರ್ ಹೊಡೆಯುವುದು ಹಳೇ ಅಭ್ಯಾಸ. ಆ ಕಾಲದ ಬ್ರೇಕ್ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಉಸಿರಲ್ಲಿ ಹೋದರೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಒದ್ದೆ ಇರುವಾಗಲೇ ಚೀಲದಲ್ಲಿ ಕಟ್ಟಿಡಿ. ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ.

ಈಗ ಬೋನೆಟ್ ಎತ್ತೋಣ

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಹೊಸ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ಕೆಟ್ಟ ಯೋಚನೆ. ಸಿಲಿಂಡರ್ ಗೋಡೆಗೆ ಪಿಸ್ಟನ್ ರಿಂಗ್ ಅಂಟಿಕೊಂಡಿರಬಹುದು. ಪ್ಲಗ್ ಬಿಚ್ಚಿ, ಪ್ರತಿ ಸಿಲಿಂಡರ್‌ಗೆ ಸ್ವಲ್ಪ ಪೆನಿಟ್ರೇಟಿಂಗ್ ಎಣ್ಣೆ ಬಿಟ್ಟು, ಒಂದೆರಡು ದಿನ ಸುಮ್ನೆ ಬಿಡಿ. ಆಮೇಲೆ ಕ್ರ್ಯಾಂಕ್ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದ ಮೆಲ್ಲಗೆ ತಿರುಗಿಸಲು ನೋಡಿ. ಅಲುಗದಿದ್ದರೆ ಇನ್ನೂ ಕಾಯಿರಿ. ಸಲೀಸಾಗಿ ತಿರುಗತೊಡಗಿದ ಮೇಲೆ ಹೊಸ ಎಂಜಿನ್ ಆಯಿಲ್ ತುಂಬಿ, ಪ್ಲಗ್ ಇಲ್ಲದೆಯೇ ಸೆಲ್ಫ್‌ನಿಂದ ತಿರುಗಿಸಿ. ಆಯಿಲ್ ಲೈಟ್ ಆರಿದರೆ ಒತ್ತಡ ಬಂತು, ಬೇರಿಂಗ್‌ಗಳಿಗೆ ಎಣ್ಣೆ ಮುಟ್ಟಿತು.

ಎಂಜಿನ್ ಬಿಚ್ಚಬೇಕೋ ಬೇಡವೋ ಅನ್ನುವುದನ್ನು ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹೇಳುತ್ತದೆ. ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಹತ್ತು-ಹದಿನೈದು ಶೇಕಡದ ಒಳಗಿದ್ದರೆ ಸದ್ಯಕ್ಕೆ ಮುಟ್ಟಬೇಡಿ. ಒಂದು ಸಿಲಿಂಡರ್ ಕಡಿಮೆ ತೋರಿಸಿದರೆ ಅದಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ತೊಂದರೆ ರಿಂಗ್ ಅಥವಾ ಸಿಲಿಂಡರ್ ಸವೆತದ್ದು, ಏಕೆಂದರೆ ಎಣ್ಣೆ ತಾತ್ಕಾಲಿಕವಾಗಿ ಆ ಸಂದು ಮುಚ್ಚಿತು. ಏರದಿದ್ದರೆ ವಾಲ್ವ್ ಇಲ್ಲವೇ ಹೆಡ್ ಗ್ಯಾಸ್ಕೆಟ್. ಒಂದು ಚಮಚ ಎಣ್ಣೆಯಲ್ಲಿ ಇಷ್ಟು ತಿಳಿಯುವ ಪರೀಕ್ಷೆ ಬೇರೆ ಇಲ್ಲ.

ಕಿಡಿಯ ವ್ಯವಸ್ಥೆ ಈ ಕಾರುಗಳಲ್ಲಿ ಕಣ್ಣಿಗೆ ಕಾಣುವಂಥದ್ದು. ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಅನ್ನುವ ಪುಟ್ಟ ಸ್ವಿಚ್ ಇದೆ. ಅದು ತೆರೆದಾಗ ಕಾಯಿಲ್‌ಗೆ ಹೋಗುವ ಕರೆಂಟ್ ಥಟ್ಟನೆ ನಿಲ್ಲುತ್ತದೆ, ಆ ಹೊತ್ತಿಗೆ ಕಾಯಿಲ್‌ನಲ್ಲಿ ಸಾವಿರಾರು ವೋಲ್ಟ್ ಹುಟ್ಟಿ ಪ್ಲಗ್‌ನಲ್ಲಿ ಕಿಡಿ ಹಾರುತ್ತದೆ. ಪಾಯಿಂಟ್ ಪೂರ್ತಿ ತೆರೆದಾಗ ನಡುವಿನ ಅಂತರ ಹಲವು ಕಾರುಗಳಲ್ಲಿ 0.4 ಮಿ.ಮೀ. ಆಸುಪಾಸು. ಸಂದಿ ಅಳೆಯುವ ಫೀಲರ್ ಗೇಜಿನ ತೆಳು ಎಲೆ ನಡುವೆ ತೂರಿಸಿದಾಗ ಸ್ವಲ್ಪ ಹಿಡಿದು ಬಿಡುವ ಹಾಗೆ ಇರಬೇಕು. ಟೈಮಿಂಗ್ ನೋಡಲು ಒಂದು ಚಿಕ್ಕ ಬಲ್ಬ್ ಸಾಕು. ಅದರ ಒಂದು ವೈರು ಡಿಸ್ಟ್ರಿಬ್ಯೂಟರ್‌ನ ಪಾಯಿಂಟಿಗೆ ಹೋಗುವ ತುದಿಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ ಎಂಜಿನ್ನನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ನಿಧಾನವಾಗಿ ತಿರುಗಿಸಿ. ಪಾಯಿಂಟ್ ತೆರೆದ ಕ್ಷಣಕ್ಕೆ ಬಲ್ಬ್ ಹತ್ತುತ್ತದೆ. ಪುಲ್ಲಿ ಮೇಲಿನ ಗುರುತು ಆಗ ಎಲ್ಲಿರಬೇಕೋ ಅಲ್ಲಿರದಿದ್ದರೆ ಡಿಸ್ಟ್ರಿಬ್ಯೂಟರ್ ಸಡಿಲಿಸಿ, ಕೂದಲೆಳೆಯಷ್ಟು ತಿರುಗಿಸಿ, ಮತ್ತೆ ನೋಡಿ. ಮಿನಿ ಇಟ್ಟುಕೊಂಡವರಿಗೆ ಒಂದು ಕಿವಿಮಾತು: ಅದರ ಡಿಸ್ಟ್ರಿಬ್ಯೂಟರ್ ಇರುವುದು ಗ್ರಿಲ್‌ನ ಹಿಂದೆಯೇ. ಮಳೆಯಲ್ಲಿ ಎಂಜಿನ್ ಕೆಮ್ಮಿದರೆ ಮೊದಲು ಅಲ್ಲಿ ನೀರು ಒರೆಸಿ.

ಪೆಟ್ರೋಲ್ ವಿಷಯದಲ್ಲಿ ಎರಡು ಬದಲಾವಣೆ ಆಗಿವೆ. ಹಳೆಯ ಪೆಟ್ರೋಲಿನಲ್ಲಿ ಸೀಸ ಇತ್ತು. ಅದು ವಾಲ್ವ್ ಸೀಟಿನ ಮೇಲೆ ತೆಳ್ಳಗೆ ಕೂತು ಸವೆತ ತಡೆಯುತ್ತಿತ್ತು. ಕಾರುಗಳಿಗೆ ಸೀಸದ ಪೆಟ್ರೋಲ್ ಮಾರುವುದು 2021ರಲ್ಲಿ ಅಲ್ಜೀರಿಯಾ ನಿಲ್ಲಿಸುವುದರೊಂದಿಗೆ ಇಡೀ ಲೋಕದಲ್ಲೇ ಕೊನೆಯಾಯಿತು. ಎರಕದ ಕಬ್ಬಿಣದ ಹೆಡ್ ಇರುವ, ಹೆಚ್ಚು ದೂರ ವೇಗವಾಗಿ ಓಡಿಸುವ ಕಾರಾದರೆ ಹೆಡ್ ಬಿಚ್ಚಿದಾಗ ಗಟ್ಟಿ ಸೀಟ್ ಹಾಕಿಸಿ. ವಾರಕ್ಕೊಮ್ಮೆ ಮೆಲ್ಲಗೆ ಓಡಿಸುವವರು ಅದಕ್ಕಾಗಿಯೇ ಹೆಡ್ ಇಳಿಸಬೇಕಿಲ್ಲ. ಎರಡನೆಯದು ಎಥನಾಲ್. ಇದು ನಿಜಕ್ಕೂ ತುರ್ತಿನದು. ಹಳೆಯ ರಬ್ಬರ್ ಪೈಪುಗಳನ್ನು ಅದು ಮೆತ್ತಗೆ ಮಾಡಿ ಬಿರುಕು ಬಿಡಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಎಥನಾಲ್ ತಡೆಯುವ ಹೊಸ ಪೈಪು ಹಾಕುವುದು ಅರ್ಧ ದಿನದ ಕೆಲಸ.

ಎಂಜಿನ್ ಆಯಿಲ್ ಕೂಡ ಇತ್ತೀಚಿನ ಕಾರಿನದ್ದನ್ನೇ ಹಾಕಬೇಡಿ. ಇಂಥ ಹಲವು ಎಂಜಿನ್‌ಗಳಲ್ಲಿ ವಾಲ್ವ್ ತೆರೆಸುವ ಕ್ಯಾಮ್ ಮತ್ತು ಟ್ಯಾಪೆಟ್ ಒಂದರ ಮೇಲೊಂದು ಜಾರುತ್ತವೆ. ಆ ಜಾಗಕ್ಕೆ ಸತು-ರಂಜಕದ ಸಂಯುಕ್ತ ಸಾಕಷ್ಟಿರುವ ಎಣ್ಣೆ ಬೇಕು. ಹೊಸ ಎಣ್ಣೆಗಳಲ್ಲಿ ಅದನ್ನು ಕಡಿಮೆ ಮಾಡಿದ್ದಾರೆ. ಮಿನಿಯಲ್ಲಿ ಗೇರ್‌ಬಾಕ್ಸ್ ಎಂಜಿನ್ ಕೆಳಗೇ ಇದ್ದು ಎರಡಕ್ಕೂ ಒಂದೇ ಎಣ್ಣೆ, ಆದ್ದರಿಂದ ಅದನ್ನು ಬೇಗ ಬೇಗ ಬದಲಾಯಿಸಬೇಕು.

ವೈರು, ಬಣ್ಣ

ಹಳೆಯ ಕಾರಿನ ಕರೆಂಟ್ ಸಮಸ್ಯೆಗಳಲ್ಲಿ ಬಹುಪಾಲು ಅರ್ಥಿಂಗ್‌ದು. ದೀಪದಿಂದ ಕರೆಂಟ್ ವಾಪಸ್ ಬರುವುದು ಬಾಡಿಯ ಮೂಲಕ. ಸ್ಕ್ರೂ ಕೆಳಗೆ ತುಕ್ಕು ಇದ್ದರೆ ದಾರಿ ಮುಚ್ಚಿದ ಹಾಗೆ. ಬಣ್ಣ ಬಳಿದು ಜೋಡಿಸಿದ ಕಾರಿನಲ್ಲೂ ಇದೇ ಕಾಟ, ಅಲ್ಲಿ ಅಡ್ಡ ನಿಲ್ಲುವುದು ಹೊಸ ಬಣ್ಣ. ದೀಪ ಹಚ್ಚಿಟ್ಟು, ಮಲ್ಟಿಮೀಟರ್‌ನ ಒಂದು ಕಡ್ಡಿಯನ್ನು ದೀಪದ ಲೋಹಕ್ಕೆ, ಇನ್ನೊಂದನ್ನು ಬ್ಯಾಟರಿಯ ಅರ್ಥ್ ತುದಿಗೆ ಹಿಡಿಯಿರಿ. ಅರ್ಧ ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಆ ಜೋಡಣೆ ಬಿಚ್ಚಿ ಉಜ್ಜಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ. ಅದನ್ನು ಗಮನಿಸದೆ ಹೊಸ ರೇಡಿಯೊ ಸಿಕ್ಕಿಸಿದರೆ ರೇಡಿಯೊ ಹೋಯಿತು ಅಂತಲೇ ಲೆಕ್ಕ. ಬಟ್ಟೆ ಸುತ್ತಿದ ವೈರುಗಳು ಮುಟ್ಟಿದರೆ ಉದುರುತ್ತಿದ್ದರೆ ತೇಪೆ ಬೇಡ, ಇಡೀ ವೈರಿಂಗ್ ಹೊಸದಾಗಲಿ.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬರಿಯ ತಗಡಿಗೆ ಎಪಾಕ್ಸಿ ಪ್ರೈಮರ್, ಪುಟ್ಟಿ ಎರಡು-ಮೂರು ಮಿಲಿಮೀಟರ್ ದಾಟದಂತೆ, ಆಮೇಲೆ ತಾಳ್ಮೆಯಿಂದ ಉಜ್ಜುವುದು. ಹಾರ್ಡನರ್ ಬೆರೆಸುವ ಎರಡು ಡಬ್ಬದ ಬಣ್ಣಗಳಲ್ಲಿ ಐಸೊಸಯನೇಟ್ ಇರುತ್ತದೆ, ಸಾಮಾನ್ಯ ಮಾಸ್ಕ್ ಅದನ್ನು ತಡೆಯುವುದಿಲ್ಲ, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮುಖವಾಡವೇ ಬೇಕು. ಕೊನೆಯ ಬಣ್ಣವನ್ನು ಬೂತ್ ಇರುವವರಿಗೆ ಬಿಡುವುದು ಜಾಣತನ. ಮೂಲ ಬಣ್ಣ ಮಸುಕಾಗಿಯಾದರೂ ಗಟ್ಟಿಯಾಗಿ ಉಳಿದಿದ್ದರೆ ನಾನಂತೂ ಅದನ್ನು ಕೆರೆಯುವುದಿಲ್ಲ. ಹೊಸ ಬಣ್ಣ ಯಾವಾಗ ಬೇಕಾದರೂ ಬಳಿಯಬಹುದು, ಕಾರ್ಖಾನೆಯದು ಒಂದೇ ಸಲ. ಸೀಟು, ಛಾವಣಿ ಬಟ್ಟೆ, ಬೀಡಿಂಗ್ ಎಲ್ಲ ಇದರ ನಂತರ.

ರಸ್ತೆಗೆ ಇಳಿಸುವಾಗ

ಟೈರ್‌ಗಳ ಮೇಲಿನ ಗೀರು ಎಷ್ಟು ಆಳ ಇದೆ ಅನ್ನುವುದಕ್ಕಿಂತ ವಯಸ್ಸು ಮುಖ್ಯ. 2000ದಿಂದ ಈಚೆಗಿನ ಟೈರ್‌ಗಳ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3412 ಅಂದರೆ 2012ರ 34ನೇ ವಾರ ಮಾಡಿದ್ದು. ಹತ್ತು ವರ್ಷ ದಾಟಿದ್ದರೆ ಹೊಸದರಂತೆ ಕಂಡರೂ ತೆಗೆಯಿರಿ. ಅಂಕಿ ಮೂರೇ ಇದ್ದರೆ ಅದು ಹಿಂದಿನ ಶತಮಾನದ್ದು.

ಮೊದಲ ಸಲ ಮನೆಯ ಹತ್ತಿರ, ಖಾಲಿ ದಾರಿಯಲ್ಲಿ, ಮೆಲ್ಲಗೆ ಓಡಿಸಿ. ಬ್ರೇಕ್ ಒತ್ತಿ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೋ ನೋಡಿ. ವಾಪಸ್ ಬಂದ ಮೇಲೆ ನಾಲ್ಕೂ ಡ್ರಮ್‌ಗಳ ಹತ್ತಿರ ಕೈ ಒಯ್ದು ನೋಡಿ, ಒಂದು ಮಾತ್ರ ಜಾಸ್ತಿ ಬಿಸಿ ಇದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ. ಕಾರಿನ ಕೆಳಗೆ ಒಂದು ರಟ್ಟು ಹಾಸಿ ರಾತ್ರಿ ಬಿಡಿ. ಯಾವ ಜಾಗದಲ್ಲಿ ಯಾವ ಎಣ್ಣೆ ಬಿದ್ದಿದೆ ಅಂತ ಬೆಳಗ್ಗೆ ಗೊತ್ತಾಗುತ್ತದೆ. ಐವತ್ತು-ನೂರು ಕಿಲೋಮೀಟರ್ ಆದ ಮೇಲೆ ಚಕ್ರದ ನಟ್ಟುಗಳನ್ನು ಮತ್ತೆ ಬಿಗಿ ಮಾಡಿ. ಹೊಸ ಬ್ರೇಕ್ ಶೂಗಳು ಕೂತ ಮೇಲೆ ಅಡ್ಜಸ್ಟರ್ ಒಂದೆರಡು ಹಲ್ಲು ತಿರುಗಿಸಬೇಕಾಗುತ್ತದೆ. ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದ್ದರೆ ಮೊದಲ ಎಣ್ಣೆಯನ್ನು ಐನೂರು ಕಿಲೋಮೀಟರಿಗೇ ಬದಲಾಯಿಸಿ. ಹೆಡ್ ಬೋಲ್ಟ್‌ಗಳನ್ನೂ ಆಗಲೇ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಮ್ಯಾನುಯಲ್ ಹೇಳುವ ಕ್ರಮದಲ್ಲಿ, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಿ.